ಅಪ್‌ಡೇಟ್: ಎದುರಿಗೆ ಕೂತು ನೋಡಿದ ಟಿವಿ ಕುಸ್ತಿ ಯಾಕೆ ಸಪ್ಪೆಯಾಗಿತ್ತು ಅಂತ ಗೊತ್ತಾಯ್ತು

ಆ ಶೋ ಯಾಕೆ ಸಪ್ಪೆಯಾಗಿತ್ತು ಅಂತ ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆ. ಗಲ್ಫ್‌ನಲ್ಲಿರುವ ಅಣ್ಣನ ಮನೆಗೆ ಹೋದಾಗ ಟಿವಿಯಲ್ಲಿ ಬರುವ ಕುಸ್ತಿ ಶೋ ನಡೆಯುವ ಜಾಗಕ್ಕೇ ಟಿಕೆಟ್ ತೆಗೆದು ಮಗನಿಗೆ ತೋರಿಸಿದ್ದೆವು. ಕುಸ್ತಿಯವರ ಬೆನ್ನೇ ಜಾಸ್ತಿ ಕಂಡಿತು, ನಡುನಡುವೆ ಆಟ ನಿಂತ ಹಾಗಿತ್ತು. ಕಾರವಾರಕ್ಕೆ ಬಂದರೂ ಅವನ ಬೇಸರ ಹೋಗಿರಲಿಲ್ಲ.

ಕೆಲಸಕ್ಕೆ ಬಂದದ್ದು "ಅದೇ ಶೋನ ರೆಕಾರ್ಡಿಂಗ್ ನೋಡಿ" ಎಂದವರ ಸಲಹೆ. ತುಂಬಾ ಥ್ಯಾಂಕ್ಸ್. ಭಾನುವಾರ ಹೊರಗೆ ಜೋರು ಮಳೆ, ಇಬ್ಬರೂ ಕೂತು ಪೂರ್ತಿ ನೋಡಿದೆವು. ಮುಖ್ಯ ಕ್ಯಾಮೆರಾ ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ. ಕುಸ್ತಿಯವರು ಅದಕ್ಕೇ ಮುಖ ಮಾಡಿ ಆಡುತ್ತಾರೆ. ನಾವು ಕೂತಿದ್ದು ಅದರ ಎದುರು ಬದಿ! ಮುಂದೆ ಟಿಕೆಟ್ ತೆಗೆಯುವವರು ಕ್ಯಾಮೆರಾ ಇರುವ ಬದಿಯಲ್ಲೇ ಕೂರಿ. ಆಟ ನಿಧಾನವಾಗಿದ್ದ ಹೊತ್ತಲ್ಲಿ ಟಿವಿಯಲ್ಲಿ ಜಾಹೀರಾತು ಬರುತ್ತಿತ್ತು. ಆಗ ಅವರು ಸುಮ್ನೆ ಒಂದು ಪಟ್ಟು ಹಿಡಿದು ಕಾಲ ಕಳೆಯುತ್ತಾರಂತೆ.

ಬೀಳುವ ಸದ್ದು ಟಿವಿಯಲ್ಲಿ ಜೋರು. ರಿಂಗ್ ಕೆಳಗೆ ಮೈಕ್ ಇಟ್ಟಿರುತ್ತಾರೆ. ರಿಂಗ್ ಮೇಲೆ ಹಾಸಿದ ಬಟ್ಟೆಯ ಅಡಿಗೆ ಇರುವುದು ತೆಳು ಫೋಮ್, ಅದರಡಿ ಮರದ ಹಲಗೆ, ಕಬ್ಬಿಣದ ತೊಲೆ. ಈ ಆಟದಲ್ಲಿ ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನವಾಗಿದ್ದರೂ ಬಿದ್ದ ನೋವು ನಿಜ ಅಲ್ವಾ? ಇದನ್ನು ಕೇಳಿ ಮಗ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊನೆಯ ಪಂದ್ಯ ಮತ್ತೆ ಹಾಕಿಸಿಕೊಂಡ.

ಸಂಘಟಕರಿಗೆ ಮೇಲ್ ಹಾಕಿದ್ದು ಉಪಯೋಗವಾಗಲಿಲ್ಲ, ಹಣ ವಾಪಸ್ ಇಲ್ಲ ಎಂದರು. ಹಳಿಯಾಳದ ಮಣ್ಣಿನ ಕುಸ್ತಿ ತೋರಿಸಿ ಎಂದವರೇ, ಅದು ಇನ್ನೂ ಆಗಿಲ್ಲ. ಮಳೆಗಾಲ ಮುಗಿಯಲಿ, ಖಂಡಿತ ಹೋಗುತ್ತೇವೆ.