ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಡಲು ಲೈಸೆನ್ಸ್ ಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಮ್ಮದು ನಾಲ್ಕು ಬೆಡ್‌ರೂಮಿನ ಮನೆ. ಲೋನ್ ಇನ್ನೂ ನಡೀತಿದೆ. ಅಪ್ಪ ಅಮ್ಮನಿಗೆ ವಯಸ್ಸಾಯಿತು, ನೋಡಿಕೊಳ್ಳೋಕೆ ಯಾರೂ ಇಲ್ಲ, ಹಾಗಾಗಿ ಎರಡು ವರ್ಷದ ಮಟ್ಟಿಗೆ ಮೈಸೂರಿಗೆ ಹೋಗುತ್ತಿದ್ದೇವೆ. ಆಫೀಸಿನ ನಾಲ್ಕು ಹುಡುಗರು ಮನೆ ಕೇಳುತ್ತಿದ್ದಾರೆ, ಒಬ್ಬೊಬ್ಬರಿಗೆ ಒಂದೊಂದು ರೂಮು. ಎಲ್ಲರೂ ಗೊತ್ತಿರುವವರೇ. ಒಬ್ಬ ಸ್ನೇಹಿತ "ಐದು ಜನ ಇದ್ದರೆ ಮಾತ್ರ ಲೈಸೆನ್ಸ್, ನಾಲ್ಕಕ್ಕೆ ಏನೂ ಬೇಡ" ಅಂದ. ಇನ್ನೊಬ್ಬರು "ಲೈಸೆನ್ಸ್ ಇಲ್ಲದೆ ಕೊಟ್ಟರೆ ಭಾರೀ ದಂಡ, ಹುಷಾರು" ಅಂದರು. ಯಾರ ಮಾತು ಸರಿ? ಮನೆ ಬಾಡಿಗೆಗೆ ಕೊಟ್ಟವರು, ಬಾಡಿಗೆಗೆ ಇರುವವರು ಇಬ್ಬರೂ ಹೇಳಿದರೆ ಒಳ್ಳೆಯದು.

ಅದೇ ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು

ಸರ್, ನಿಮ್ಮ ಸ್ನೇಹಿತರು ಹೇಳಿದ್ದು ಅರ್ಧ ಮಾತ್ರ ಸರಿ, ಆ ಅರ್ಧವನ್ನೇ ನಂಬಿಕೊಂಡು ತುಂಬಾ ಜನ ತೊಂದರೆಗೆ ಬೀಳುತ್ತಾರೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ಕುಟುಂಬಕ್ಕೆ ಸೇರದ ಮೂರು ಜನ ಅಥವಾ ಜಾಸ್ತಿ ಜನ ಒಂದು ಮನೆಯಲ್ಲಿದ್ದು, ಅಡುಗೆಮನೆಯೋ ಬಚ್ಚಲೋ ಹಂಚಿಕೊಂಡರೆ ಅದು ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಷನ್) ಆಗುತ್ತದೆ. ನಿಮ್ಮ ನಾಲ್ಕು ಹುಡುಗರು ಬಂದ ದಿನವೇ ನಿಮ್ಮ ಮನೆ ಎಚ್‌ಎಂಒ. ಅದರಲ್ಲಿ ಅನುಮಾನವೇ ಇಲ್ಲ. ಇನ್ನು ಲೈಸೆನ್ಸ್ ವಿಷಯ. 2004ರ ಹೌಸಿಂಗ್ ಆ್ಯಕ್ಟ್ ಪ್ರಕಾರ ಮೂರು ಥರದ ಲೈಸೆನ್ಸ್ ಇದೆ. ಮೊದಲನೆಯದು ಇಡೀ ಇಂಗ್ಲೆಂಡಿಗೆ ಕಡ್ಡಾಯ: ಎರಡು ಅಥವಾ ಹೆಚ್ಚು ಕುಟುಂಬಕ್ಕೆ ಸೇರಿದ ಐದು ಜನ ಅಥವಾ ಜಾಸ್ತಿ. ಮುಂಚೆ ಮನೆ ಮೂರು ಮಹಡಿಯದ್ದಾಗಿದ್ದರೆ ಮಾತ್ರ ಅಂತಿತ್ತು, 2018ರ ಅಕ್ಟೋಬರ್ 1ರಿಂದ ಮಹಡಿ ಲೆಕ್ಕ ತೆಗೆದುಹಾಕಿದರು. ನಿಮ್ಮ ಸ್ನೇಹಿತರು ಹೇಳಿದ "ಐದು" ಇದು. ಎರಡನೆಯದು ಅಡಿಷನಲ್ ಲೈಸೆನ್ಸ್, ಅಂದರೆ ಮೂರು ನಾಲ್ಕು ಜನರ ಮನೆಗೂ ಬೇಕು ಅಂತ ಆಯಾ ಕೌನ್ಸಿಲ್, ಅಂದರೆ ಆಯಾ ಊರಿನ ಸ್ಥಳೀಯ ಆಡಳಿತ, ಮಾಡಿಕೊಳ್ಳುವ ನಿಯಮ. ಮೂರನೆಯದು ಸೆಲೆಕ್ಟಿವ್. ಅದು ಬಂದ ಏರಿಯಾದಲ್ಲಿ ಗಂಡ ಹೆಂಡತಿ ಮಕ್ಕಳಿರುವ ಮನೆಯನ್ನು ಬಾಡಿಗೆಗೆ ಕೊಡೋಕೂ ಲೈಸೆನ್ಸ್ ಬೇಕು.

ನಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲಿ 2023ರ ಜೂನ್ 5ರಿಂದ ಎರಡೂ ಶುರುವಾಗಿದೆ. ಅಡಿಷನಲ್ ಇಡೀ ಊರಿಗೆ, ಸೆಲೆಕ್ಟಿವ್ 25 ವಾರ್ಡ್‌ಗಳಿಗೆ. ಇಂಥ ಸ್ಕೀಮ್ ಒಂದು ಸಲಕ್ಕೆ ಹೆಚ್ಚೆಂದರೆ ಐದು ವರ್ಷ. ಆದ್ದರಿಂದ ನಾಲ್ಕು ಜನಕ್ಕೆ ಕೊಟ್ಟರೆ ನಿಮಗೆ ಲೈಸೆನ್ಸ್ ಬೇಕೇ ಬೇಕು.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ಲೈಸೆನ್ಸ್ ಬೇರೆ, ಪ್ಲಾನಿಂಗ್ ಪರ್ಮಿಷನ್ ಬೇರೆ. ಮಾಮೂಲಿ ಮನೆಯನ್ನು ಮೂರರಿಂದ ಆರು ಜನರ ಎಚ್‌ಎಂಒ ಮಾಡೋಕೆ ಎಷ್ಟೋ ಊರಲ್ಲಿ ಪರ್ಮಿಷನ್ ಬೇಕಾಗಿಲ್ಲ. ಆದರೆ ಬರ್ಮಿಂಗ್‌ಹ್ಯಾಮ್‌ನಲ್ಲಿ 2020ರ ಜೂನ್‌ನಿಂದ ಇಡೀ ಊರಿಗೆ ಆರ್ಟಿಕಲ್ 4 ಅಂತ ಪ್ಲಾನಿಂಗ್ ಆದೇಶ ಇದೆ, ಇಲ್ಲಿ ಪರ್ಮಿಷನ್ ತಗೊಳ್ಳಲೇಬೇಕು. ಸುತ್ತಮುತ್ತ ಈಗಾಗಲೇ ಇಂಥ ಮನೆ ಎಷ್ಟಿವೆ ಅಂತ ನೋಡುತ್ತಾರೆ, ಸಿಕ್ಕೇ ಸಿಗುತ್ತದೆ ಅಂತ ಹೇಳೋಕಾಗಲ್ಲ. ಲೈಸೆನ್ಸ್ ಸಿಕ್ಕಿತು ಅಂದ ಮಾತ್ರಕ್ಕೆ ಪ್ಲಾನಿಂಗ್‌ನವರು ಸುಮ್ನಿರುತ್ತಾರೆ ಅಂದುಕೊಳ್ಳಬೇಡಿ. ಎರಡು ಇಲಾಖೆ, ಎರಡು ಕಾನೂನು.

ಈಸ್ಟ್ ಲಂಡನ್‌ನಲ್ಲಿ ಬಾಡಿಗೆಗಿದ್ದವರು

ನಾನು ಬಾಡಿಗೆದಾರಳ ಕಡೆಯಿಂದ ಹೇಳುತ್ತೇನೆ. ಮಾಸ್ಟರ್ಸ್ ಓದೋಕೆ ಬಂದಾಗ ನಮಗೆ ಸಿಕ್ಕಿದ್ದು ಒಂದು ಟೆರೇಸ್ ಮನೆ. ಮುಂದಿನ ಹಾಲ್‌ಗೂ ಬಾಗಿಲು ಹಾಕಿ ರೂಮು ಮಾಡಿದ್ದರು. ಎಲ್ಲರಿಗೂ ಸೇರಿ ಒಂದು ಬಾತ್‌ರೂಮು. ಅಡುಗೆಮನೆಯಲ್ಲಿ ಸ್ಮೋಕ್ ಅಲಾರಂ ಇದ್ದ ಜಾಗದಲ್ಲಿ ಬರೀ ಪ್ಲಾಸ್ಟಿಕ್ ತಟ್ಟೆ, ಒಳಗಿನ ಅಲಾರಂ ಇಲ್ಲ. ನನ್ನ ರೂಮಿನ ಬಾಗಿಲಿಗೆ ಒಳಗಿನಿಂದಲೂ ಬೀಗದ ಕೈ ಹಾಕಿಯೇ ತೆಗೆಯಬೇಕು. ರಾತ್ರಿ ಬೆಂಕಿ ಹತ್ತಿಕೊಂಡರೆ ಕತ್ತಲಲ್ಲಿ ಬೀಗದ ಕೈ ಹುಡುಕಿ ಹೊರಗೆ ಬರಬೇಕಾಗಿತ್ತು, ಯೋಚನೆ ಮಾಡಿ.

ಮನೆಗೆ ಲೈಸೆನ್ಸ್ ಇದೆಯಾ ಇಲ್ವಾ ಅಂತ ಯಾರು ಬೇಕಾದರೂ ನೋಡಬಹುದು. ಪ್ರತಿ ಕೌನ್ಸಿಲ್ ಲೈಸೆನ್ಸ್ ಕೊಟ್ಟ ಮನೆಗಳ ರಿಜಿಸ್ಟರ್ ಇಡಲೇಬೇಕು, ಅದು ಕಾನೂನು. ನಾವು ನೋಡಿದಾಗ ನಮ್ಮ ವಿಳಾಸ ಅದರಲ್ಲಿ ಇರಲಿಲ್ಲ. ಕೌನ್ಸಿಲ್‌ಗೆ ಈಮೇಲ್ ಮಾಡಿ "ಇಂಥ ದಿನದಿಂದ ಇಂಥ ದಿನದವರೆಗೆ ಈ ಮನೆಗೆ ಲೈಸೆನ್ಸ್ ಇತ್ತಾ, ಯಾರಾದರೂ ಅರ್ಜಿ ಹಾಕಿದ್ದರಾ" ಅಂತ ಬರಹದಲ್ಲಿ ಕೇಳಿದೆವು. ಆ ಒಂದು ಉತ್ತರವೇ ಆಮೇಲೆ ನಮ್ಮ ದೊಡ್ಡ ಸಾಕ್ಷಿ ಆಯಿತು. ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಅಗ್ರಿಮೆಂಟ್, ಓನರ್ ಜತೆ ಆಡಿದ ವಾಟ್ಸ್‌ಆ್ಯಪ್ ಮಾತು ಎಲ್ಲಾ ಜೋಡಿಸಿ ಇಂಥ ಕೇಸು ವಿಚಾರಿಸುವ ಫಸ್ಟ್ ಟಿಯರ್ ಟ್ರಿಬ್ಯುನಲ್‌ಗೆ ರೆಂಟ್ ರೀಪೇಮೆಂಟ್ ಆರ್ಡರ್, ಅಂದರೆ ಕಟ್ಟಿದ ಬಾಡಿಗೆ ವಾಪಸ್ ಕೊಡಿಸುವ ಆದೇಶ, ಕೇಳಿದೆವು. ವಕೀಲರು ಇರಲಿಲ್ಲ. ಪೂರ್ತಿ ಬಾಡಿಗೆ ವಾಪಸ್ ಬರಲಿಲ್ಲ, ಓನರ್ ಕಟ್ಟುತ್ತಿದ್ದ ಕರೆಂಟು ಗ್ಯಾಸು ಬಿಲ್ಲು ಕಳೆದು, ಉಳಿದದ್ದರಲ್ಲೂ ಒಂದು ಪಾಲು ಕೊಡಿಸಿದರು. ಆದರೂ ಓದುವ ಮಕ್ಕಳಿಗೆ ಅದು ದೊಡ್ಡ ದುಡ್ಡು. "ನನಗೆ ಲೈಸೆನ್ಸ್ ವಿಷಯ ಗೊತ್ತೇ ಇರಲಿಲ್ಲ" ಅಂತ ಓನರ್ ಹೇಳಿದರು. ಅದನ್ನು ಟ್ರಿಬ್ಯುನಲ್ ಒಪ್ಪಲಿಲ್ಲ.

ಹಾಗಾಗಿ ಸರ್, "ಹುಡುಗರು ಗೊತ್ತಿರುವವರೇ, ಯಾರೂ ಕಂಪ್ಲೇಂಟ್ ಕೊಡಲ್ಲ" ಅನ್ನೋ ಧೈರ್ಯ ಬೇಡ. ನಾಳೆ ಒಬ್ಬ ಹೋಗಿ ಇನ್ನೊಬ್ಬ ಬರುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಅವರು ಅಲ್ಲಿ ಮಲಗುತ್ತಾರೆ. ಅಲಾರಂ ನೋಡೋಕೆ ನೀವು ಅಲ್ಲಿರಲ್ಲ.

ಲೆಸ್ಟರ್‌ನಿಂದ ಒಬ್ಬರು

ದಂಡದ ಲೆಕ್ಕ ನಾನು ಹೇಳುತ್ತೇನೆ. ಕೋರ್ಟಿಗೆ ಹೋದರೆ ದಂಡಕ್ಕೆ ಮಿತಿಯೇ ಇಲ್ಲ. ಕೋರ್ಟಿಗೆ ಹೋಗದೆ ಕೌನ್ಸಿಲ್ ತಾನೇ ಹಾಕುವ ದಂಡ 30,000 ಪೌಂಡ್‌ವರೆಗೆ ಇತ್ತು. 2025ರ ರೆಂಟರ್ಸ್ ರೈಟ್ಸ್ ಆ್ಯಕ್ಟ್ ಪ್ರಕಾರ 2026ರ ಮೇ 1ರಿಂದ ಅದು 40,000. ಬಾಡಿಗೆದಾರರಿಗೆ ವಾಪಸ್ ಕೊಡಿಸುವ ಬಾಡಿಗೆ 12 ತಿಂಗಳಿನದ್ದು ಇದ್ದದ್ದು 24 ತಿಂಗಳಿಗೆ ಏರಿದೆ.

ಇನ್ನೊಬ್ಬರು

ಇಷ್ಟೆಲ್ಲಾ ಯಾಕೆ? ನಾಲ್ವರೂ ಕಸಿನ್ಸ್ ಅಂತ ಬರೆದುಕೊಡಿ ಅಂದರೆ ಆಯ್ತಲ್ವಾ? ಕಸಿನ್ಸ್ ಇದ್ದರೆ ಒಂದೇ ಕುಟುಂಬ ಅಂತ ಕೇಳಿದ್ದೇನೆ.

ಅದೇ ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು

ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಕಾನೂನಿನಲ್ಲಿ ಕುಟುಂಬ ಅಂದರೆ ದೊಡ್ಡದಾಗಿಯೇ ಇದೆ ನಿಜ. ಅಜ್ಜ ಅಜ್ಜಿ, ಚಿಕ್ಕಪ್ಪ, ಅತ್ತೆ, ಅಣ್ಣನ ಮಕ್ಕಳು, ಕಸಿನ್ಸ್ ಎಲ್ಲಾ ಸೇರುತ್ತಾರೆ. ನಿಜವಾಗಿಯೂ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೇ ಒಟ್ಟಿಗಿದ್ದರೆ ಅದು ಎಚ್‌ಎಂಒ ಅಲ್ಲವೇ ಅಲ್ಲ. ಆದರೆ ಒಬ್ಬ ಬಳ್ಳಾರಿ, ಒಬ್ಬ ಕೊಚ್ಚಿ, ಒಬ್ಬ ಪುಣೆಯವನು, ಅವರನ್ನು ಸುಳ್ಳು ಬರೆಯಿರಿ ಅಂತ ಒತ್ತಾಯ ಮಾಡೋದು ಎಷ್ಟು ಸರಿ? ಅವರು ವೀಸಾ ಮೇಲೆ ಇರುವ ಮಕ್ಕಳು. ನಿಮ್ಮ ಲೈಸೆನ್ಸ್ ಫೀಸು ಉಳಿಸೋಕೆ ಅವರ ಸಹಿ ಯಾಕೆ?

ಪ್ರಶ್ನೆ ಕೇಳಿದವರು

ಕಸಿನ್ಸ್ ಅಂತೆಲ್ಲಾ ನಾನು ಮಾಡಲ್ಲ, ಅದರ ಚಿಂತೆ ಬೇಡ. ಇಷ್ಟೊಂದು ವಿಷಯ ಇದೆ ಅಂತ ಗೊತ್ತಿರಲಿಲ್ಲ, ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ. ನಮ್ಮ ನಾಲ್ಕನೇ ರೂಮು ಬಾಕ್ಸ್ ರೂಮು, ಏಳಡಿಗೆ ಒಂಬತ್ತಡಿ. ಅದು ನಡೆಯುತ್ತಾ? ಮತ್ತೆ ಒಂದು ಕಂಪನಿಯವರು ಫೋನ್ ಮಾಡಿ "ಮನೆ ನಮಗೆ ಕೊಡಿ, ತಿಂಗಳು ತಿಂಗಳು ಗ್ಯಾರಂಟಿ ಬಾಡಿಗೆ ಹಾಕುತ್ತೇವೆ, ಎಲ್ಲಾ ತಲೆನೋವು ನಮ್ಮದು" ಅಂತಿದ್ದಾರೆ. ಮೈಸೂರಿನಲ್ಲಿ ಕೂತು ನೋಡಿಕೊಳ್ಳೋದಕ್ಕಿಂತ ಅದೇ ವಾಸಿ ಅನ್ನಿಸಿತು.

ಲೆಟಿಂಗ್ ಏಜೆನ್ಸಿಯಲ್ಲಿ ಕೆಲಸ ಮಾಡುವವರು

ಬಾಕ್ಸ್ ರೂಮು ನಡೆಯಲ್ಲ. ಲೈಸೆನ್ಸ್ ಇರುವ ಎಚ್‌ಎಂಒದಲ್ಲಿ ಹತ್ತು ವರ್ಷ ದಾಟಿದ ಒಬ್ಬರು ಮಲಗುವ ರೂಮು ಕಡಿಮೆ ಅಂದರೆ 6.51 ಚದರ ಮೀಟರ್ ಇರಬೇಕು, ಅಂದಾಜು 70 ಚದರ ಅಡಿ. ನಿಮ್ಮದು 63. ಇಬ್ಬರಿಗಾದರೆ 10.22 ಚದರ ಮೀಟರ್. ಇದು ಸರ್ಕಾರದ ಕನಿಷ್ಠ, ಕೌನ್ಸಿಲ್ ಇದಕ್ಕಿಂತ ದೊಡ್ಡದು ಬೇಕು ಅನ್ನಬಹುದು. ಅಳೆಯುವಾಗ ಇಳಿಜಾರು ಚಾವಣಿ ಇದ್ದರೆ ಎತ್ತರ ಒಂದೂವರೆ ಮೀಟರ್‌ಗಿಂತ ಕಡಿಮೆ ಇರುವ ಜಾಗ ಲೆಕ್ಕಕ್ಕಿಲ್ಲ, ಆದ್ದರಿಂದ ಲಾಫ್ಟ್ ರೂಮು ನೋಡೋಕೆ ದೊಡ್ಡದಿದ್ದರೂ ಕಾಗದದಲ್ಲಿ ಚಿಕ್ಕದಾಗಿಬಿಡುತ್ತದೆ. ಬಾಕ್ಸ್ ರೂಮನ್ನು ಕೂತು ಕೆಲಸ ಮಾಡೋಕೆ ಇಟ್ಟುಕೊಳ್ಳಲಿ, ಮೂವರಿಗೆ ಕೊಡಿ. ಆದರೆ ಮೂವರಾದರೂ ಎಚ್‌ಎಂಒನೇ, ಲೈಸೆನ್ಸ್ ತಪ್ಪಲ್ಲ.

ಗ್ಯಾರಂಟಿ ಬಾಡಿಗೆ ಕಂಪನಿ ವಿಷಯದಲ್ಲಿ ತುಂಬಾ ಹುಷಾರು. ಒಳ್ಳೆಯವರೂ ಇದ್ದಾರೆ. ಆದರೆ ಕೆಲವರು ಓನರ್‌ಗೆ ಒಂದು ಬಾಡಿಗೆ ಮಾತಾಡಿ, ಹಾಲ್‌ಗೆ ಪಾರ್ಟಿಷನ್ ಹಾಕಿ, ರೂಮಿಗೆ ಇಬ್ಬಿಬ್ಬರನ್ನು ತುಂಬಿ ಮೂರರಷ್ಟು ಎತ್ತುತ್ತಾರೆ. ಮುಂಚೆ ಬಾಡಿಗೆ ವಾಪಸ್ ಕೇಳೋಕೆ ಆಗುತ್ತಿದ್ದದ್ದು ನಡುವಿನ ಆ ಕಂಪನಿ ಮೇಲೆ ಮಾತ್ರ, 2023ರಲ್ಲಿ ಸುಪ್ರೀಂ ಕೋರ್ಟ್ ರಾಕುಸೆನ್ ಕೇಸಿನಲ್ಲಿ ಹಾಗೇ ಹೇಳಿತ್ತು. ಕಂಪನಿ ಬಾಗಿಲು ಮುಚ್ಚಿಕೊಂಡು ಹೋದರೆ ಬಾಡಿಗೆದಾರರಿಗೆ ಏನೂ ಸಿಗುತ್ತಿರಲಿಲ್ಲ. ಹೊಸ ಕಾಯ್ದೆ ಅದನ್ನು ಬದಲಾಯಿಸಿದೆ, ಈಗ ಮೇಲಿನ ಓನರ್ ಮೇಲೂ ಹೋಗಬಹುದು. ಅಂದರೆ ತಲೆನೋವು ಅವರದ್ದಾಗಲ್ಲ, ನಿಮ್ಮದೇ. ಕೇಳುವ ಹೊತ್ತಿಗೆ ನೀವು ಮೈಸೂರಿನಲ್ಲಿರುತ್ತೀರಿ.

ಊರಿಗೆ ಹೋಗುವವರು ಇನ್ನೂ ನಾಲ್ಕು ಕೆಲಸ ಮಾಡಲೇಬೇಕು. ಲೋನ್ ಕೊಟ್ಟ ಬ್ಯಾಂಕಿನಿಂದ ಬಾಡಿಗೆಗೆ ಕೊಡಲು ಒಪ್ಪಿಗೆ ತಗೊಳ್ಳಿ, ಎಚ್‌ಎಂಒ ಅಂದರೆ ಎಷ್ಟೋ ಬ್ಯಾಂಕ್ ಒಪ್ಪಲ್ಲ. ಇನ್ಶೂರೆನ್ಸ್ ಬದಲಾಯಿಸಿ. ಆರು ತಿಂಗಳಿಗಿಂತ ಜಾಸ್ತಿ ದೇಶದ ಹೊರಗಿದ್ದರೆ ಬಾಡಿಗೆಯಲ್ಲಿ ಏಜೆಂಟರು ತೆರಿಗೆ ಹಿಡಿದು ಕಟ್ಟಬೇಕು, ಹಿಡಿಯದೆ ಪೂರ್ತಿ ಬಾಡಿಗೆ ಬರಬೇಕು ಅಂದರೆ ಎಚ್‌ಎಂಆರ್‌ಸಿಗೆ (ಇಲ್ಲಿನ ತೆರಿಗೆ ಇಲಾಖೆ) ಎನ್‌ಆರ್‌ಎಲ್1 ಅರ್ಜಿ ಹಾಕಿ. ಮತ್ತೆ ಇಲ್ಲೇ ಇರುವ ಒಬ್ಬ ಮ್ಯಾನೇಜರ್ ಹೆಸರು ಬೇಕು. ಎಚ್‌ಎಂಒದಲ್ಲಿ ಮ್ಯಾನೇಜರ್ ಹೆಸರು, ವಿಳಾಸ, ಫೋನ್ ನಂಬರ್ ಎಲ್ಲರಿಗೂ ಕಾಣುವ ಹಾಗೆ ಮನೆಯೊಳಗೆ ಅಂಟಿಸಿರಬೇಕು, ಅದೂ ನಿಯಮ. ರಾತ್ರಿ ಬಾಯ್ಲರ್ ಕೆಟ್ಟರೆ ಆ ನಂಬರ್ ಎತ್ತುವವರು ಇರಬೇಕಲ್ವಾ.

ಈಸ್ಟ್ ಲಂಡನ್‌ನಲ್ಲಿ ಬಾಡಿಗೆಗಿದ್ದವರು

ಅರ್ಜಿಗೆ ಏನೇನು ಬೇಕು ಅಂತಲೂ ಹೇಳಿ, ಬಾಡಿಗೆಗೆ ಬರುವವರೂ ಅದನ್ನೇ ಕೇಳಿ ನೋಡಬಹುದು.

ಲೆಟಿಂಗ್ ಏಜೆನ್ಸಿಯಲ್ಲಿ ಕೆಲಸ ಮಾಡುವವರು

ವರ್ಷಕ್ಕೊಮ್ಮೆ ಮಾಡಿಸುವ ಗ್ಯಾಸ್ ಸೇಫ್ಟಿ ಸರ್ಟಿಫಿಕೇಟ್, ಐದು ವರ್ಷಕ್ಕೊಮ್ಮೆ ಮಾಡಿಸುವ ಕರೆಂಟಿನ ರಿಪೋರ್ಟ್, ಇಪಿಸಿ (ಮನೆಯ ಎನರ್ಜಿ ಸರ್ಟಿಫಿಕೇಟ್), ರೂಮುಗಳ ಅಳತೆ ಹಾಕಿದ ನಕ್ಷೆ, ಅಲಾರಂ ವಿವರ. ಸ್ಮೋಕ್ ಅಲಾರಂ ಪ್ರತಿ ಮಹಡಿಗೂ ಬೇಕು, ಹಂಚಿಕೊಂಡಿರುವ ಮನೆಯಲ್ಲಿ ಒಂದು ಹೊಡೆದರೆ ಎಲ್ಲಾ ಹೊಡೆಯುವ ಹಾಗೆ ವೈರ್ ಮಾಡಿಸಿ. ಬಾಯ್ಲರ್ ಇರುವ ರೂಮಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ. ರೂಮಿನ ಬಾಗಿಲು ಒಳಗಿನಿಂದ ಬೀಗದ ಕೈ ಇಲ್ಲದೆ ತಿರುಗಿಸಿ ತೆಗೆಯುವ ಹಾಗಿರಲಿ, ಮೇಲೆ ಮೇಡಂ ಹೇಳಿದ್ದು ಇದೇ. ಫೀಸು ಎರಡು ಕಂತಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ, ಅರ್ಜಿ ಹಾಕುವಾಗ ಒಂದು, ಲೈಸೆನ್ಸ್ ಕೊಡುವಾಗ ಇನ್ನೊಂದು. ಲೈಸೆನ್ಸ್ ಕೈಗೆ ಬರೋಕೆ ತಡ ಆಗಬಹುದು. ಅದಕ್ಕೆ ಹೆದರಬೇಡಿ, ಕಾಗದ ಎಲ್ಲಾ ಸರಿಯಾಗಿ ಕೊಟ್ಟು ಫೀಸು ಕಟ್ಟಿ ಅರ್ಜಿ ಹಾಕಿದ್ದರೆ ಲೈಸೆನ್ಸ್ ಇಲ್ಲದೆ ನಡೆಸಿದ ಅಪರಾಧ ಆಗಲ್ಲ. ಅರ್ಧಂಬರ್ಧ ಅರ್ಜಿ ಮಾತ್ರ ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು

ಹೆಂಡತಿ ಜತೆ ಕೂತು ಮಾತಾಡಿದೆ. ಪ್ಲಾನಿಂಗ್, ಬ್ಯಾಂಕು ಎಲ್ಲಾ ನೋಡಿದರೆ ಹುಡುಗರಿಗೆ ಬೇರೆ ಮನೆ ಹುಡುಕಿಕೊಡೋದೇ ಒಳ್ಳೆಯದು ಅನ್ನಿಸಿತು. ಸಹೋದ್ಯೋಗಿ ಒಬ್ಬರ ಸಂಸಾರ ಬರುತ್ತೇವೆ ಅಂತಿದ್ದಾರೆ, ಗಂಡ ಹೆಂಡತಿ, ಎರಡು ಮಕ್ಕಳು, ಅತ್ತೆ. ಹಾಗಾದರೆ? ಮತ್ತೆ ಎರಡು ವರ್ಷಕ್ಕೆ ನಾವು ವಾಪಸ್ ಬಂದಾಗ ಮನೆ ಬಿಟ್ಟುಕೊಡುತ್ತಾರಾ?

ಅದೇ ಊರಿನಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವವರು

ಅದು ಒಂದೇ ಕುಟುಂಬ, ಎಚ್‌ಎಂಒ ಅಲ್ಲ, ಪ್ಲಾನಿಂಗ್ ತೊಂದರೆಯೂ ಇಲ್ಲ. ಉಳಿದದ್ದು ಸೆಲೆಕ್ಟಿವ್ ಒಂದೇ. ನಿಮ್ಮ ವಾರ್ಡ್ ಆ 25ರಲ್ಲಿದ್ದರೆ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಬೇಡ. ಪೋಸ್ಟ್‌ಕೋಡ್ ಹಾಕಿ ಕೌನ್ಸಿಲ್‌ನಲ್ಲೇ ನೋಡಿ, ಪಕ್ಕದ ಬೀದಿಯವರನ್ನು ಕೇಳಬೇಡಿ, ವಾರ್ಡಿನ ಗಡಿ ಬೀದಿಯ ನಡುವೆ ಹೋಗಿರುತ್ತದೆ.

ಬಿಡಿಸುವ ವಿಷಯ. 2026ರ ಮೇ 1ರಿಂದ ಕಾರಣ ಹೇಳದೆ ಬಿಡಿಸುವ ಸೆಕ್ಷನ್ 21 ಇಲ್ಲ. "ನಾವೇ ಬಂದು ಇರುತ್ತೇವೆ" ಅನ್ನೋದು ಒಪ್ಪುವ ಕಾರಣ. ಆದರೆ ನಾಲ್ಕು ತಿಂಗಳ ನೋಟಿಸ್ ಕೊಡಬೇಕು, ಮೊದಲ ಒಂದು ವರ್ಷದೊಳಗೆ ಈ ಕಾರಣಕ್ಕೆ ಬಿಡಿಸುವ ಹಾಗಿಲ್ಲ, ಬಿಡಿಸಿದ ಮೇಲೆ ಒಂದು ವರ್ಷ ಬೇರೆಯವರಿಗೆ ಬಾಡಿಗೆಗೆ ಕೊಡುವ ಹಾಗೂ ಇಲ್ಲ. ಬಾಡಿಗೆಗಿರುವವರು ಮಾತ್ರ ಎರಡು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಹೋಗಬಹುದು. ಮುಂಗಡ ಬಾಡಿಗೆ ಒಂದು ತಿಂಗಳಿನದ್ದಕ್ಕಿಂತ ಜಾಸ್ತಿ ಕೇಳಬೇಡಿ. ಡಿಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆ ದಾಟುವಂತಿಲ್ಲ, 30 ದಿನದೊಳಗೆ ಅದನ್ನು ಡಿಪಾಸಿಟ್ ಕಾಪಾಡುವ ಸರ್ಕಾರಿ ಒಪ್ಪಿಗೆಯ ಸ್ಕೀಮ್‌ನಲ್ಲಿ ಇಡಬೇಕು. ಮೈಸೂರಿನ ಥರ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿ ಆಗಲ್ಲ.

ನಿಮ್ಮ ಬರುವ ತಾರೀಖು ಅವರ ಮಕ್ಕಳ ಸ್ಕೂಲ್ ವರ್ಷಕ್ಕೆ ಹೊಂದುವ ಹಾಗೆ ಈಗಲೇ ಮಾತಾಡಿಕೊಳ್ಳಿ ಸರ್. ಲೈಸೆನ್ಸ್ ಬೇಕು ಅಂತಾದರೆ ನೀವು ಇಲ್ಲಿರುವಾಗಲೇ ಅರ್ಜಿ ಹಾಕಿ. ಗ್ಯಾಸಿನವರು, ಕರೆಂಟಿನವರು ಬಂದು ನೋಡುವಾಗ ಮನೆಯಲ್ಲಿ ನೀವೇ ಇದ್ದರೆ ಕೆಲಸ ಬೇಗ ಆಗುತ್ತೆ.