ಪ್ಲಾಟಿನಂ ಸೋಕ್‌ಗೆ ಹರಳು ಸೀಳುತ್ತಿದೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಎಕ್ಸ್‌ರೇ ಹಾಯಿಸಿ ಪ್ರೋಟೀನಿನ ರಚನೆ ಬಿಡಿಸಬೇಕು. 2 ಮೋಲಾರ್ ಅಮೋನಿಯಂ ಸಲ್ಫೇಟ್, ಪಿಎಚ್ 8ರಲ್ಲಿ ಪ್ರೋಟೀನ್ ಹರಳು ಬಂದಿದೆ. ಡೇಟಾದ ಸ್ಪಷ್ಟತೆ (ರೆಸಲ್ಯೂಶನ್) 2.4 ಆಂಗ್‌ಸ್ಟ್ರಾಮ್ ತನಕ ಇದೆ. ಆಲ್ಫಾಫೋಲ್ಡ್ (ಕಂಪ್ಯೂಟರ್ ಊಹಿಸಿದ ರಚನೆ) ಮಾಡೆಲ್ ಇಟ್ಟು ನೋಡಿದೆ, ಫೇಸ್ (ಎಕ್ಸ್‌ರೇ ಅಲೆಗಳ ಹಂತ, ಅದಿಲ್ಲದೆ ರಚನೆ ಕಾಣದು) ಸಿಗಲಿಲ್ಲ. ಫೇಸ್‌ಗಾಗಿ ಭಾರದ ಪರಮಾಣು ಅಂಟಿಸೋಣ ಅಂತ ಹರಳನ್ನು ಪ್ಲಾಟಿನಂ ಕ್ಲೋರೈಡ್‌ನಲ್ಲಿ ನೆನೆಸಿದರೆ (ಸೋಕ್) ಹರಳು ಸೀಳುತ್ತದೆ, ಇಲ್ಲವೇ ಏನೂ ಅಂಟುವುದಿಲ್ಲ. ಏನು ಮಾಡಲಿ?

ಪಾದರಸದ ಪಕ್ಷ: ಪಾದರಸ ಹಾಕಿ ಸರ್. ನಮ್ಮ ಪ್ರೋಟೀನ್‌ನಲ್ಲಿ ಹೊರಗೆ ಇದ್ದದ್ದು ಒಂದೇ ಸಿಸ್ಟೀನ್ (ಪಾದರಸ ಅಂಟುವ, ಗಂಧಕವಿರುವ ಅಮೈನೋ ಆಮ್ಲ). ಬಫರ್‌ನಲ್ಲಿದ್ದ ಡಿಟಿಟಿ (ಇದೂ ಗಂಧಕವಿರುವ ರಾಸಾಯನಿಕ) ಪಾದರಸವನ್ನೆಲ್ಲ ನುಂಗಿಹಾಕುತ್ತಿತ್ತು. ಹರಳನ್ನು ಡಿಟಿಟಿ ಇಲ್ಲದ ದ್ರಾವಣಕ್ಕೆ ಎತ್ತಿ ಹಾಕಿ, ಆಮೇಲೆ 1 ಮಿಲಿಮೋಲಾರ್ ಥೈಮೆರೋಸಾಲ್ (ಪಾದರಸದ ಸಂಯುಕ್ತ) ಕೊಟ್ಟೆ. ಹರಳೇನೋ ಗಾಜಿನ ಹಾಗೆ ಸ್ವಚ್ಛ. ಆದರೆ ಯೂನಿಟ್ ಸೆಲ್‌ನ (ಹರಳಿನಲ್ಲಿ ಮತ್ತೆ ಮತ್ತೆ ಬರುವ ಪುಟ್ಟ ಪೆಟ್ಟಿಗೆ) ಸಿ ಬದಿಯ ಉದ್ದ 2% ಹಿಗ್ಗಿತ್ತು. ನೇಟಿವ್ (ಏನೂ ಹಾಕದ ಹರಳಿನ) ಡೇಟಾ ಜೊತೆ ಹೋಲಿಸುವ ಹಾಗೇ ಇಲ್ಲ! ನೇಟಿವ್ ಬಿಟ್ಟು, ಅದೇ ಹರಳಿನಿಂದ ಪಾದರಸ ಎಕ್ಸ್‌ರೇ ಹೀರುವ 1.009 ಆಂಗ್‌ಸ್ಟ್ರಾಮ್ ಅಂಚಿನ ಹತ್ತಿರ ಸ್ಯಾಡ್ (ಒಂದೇ ತರಂಗಾಂತರದಿಂದ ಫೇಸ್ ಹುಡುಕುವ ವಿಧಾನ) ಮಾಡಿ ಬಿಡಿಸಿದೆ.

ಸೆಲೆನಿಯಂ ಸಾಕು: ಇನ್ನೂ ಪಾದರಸವಾ? ಪ್ರೋಟೀನ್ ಬೆಳೆಸುವಾಗಲೇ ಸೆಲೆನೋಮೆಥಿಯೋನೀನ್ (ಗಂಧಕದ ಜಾಗದಲ್ಲಿ ಸೆಲೆನಿಯಂ ಇರುವ ಅಮೈನೋ ಆಮ್ಲ) ಸೇರಿಸಿಕೊಳ್ಳಿ, ತಲೆನೋವೇ ಇಲ್ಲ. ಖರ್ಚು ಜಾಸ್ತಿ, ನಿಜ. ನಮ್ಮ ಕೆಮಿಕಲ್ ಬಾಬತ್ತಿನ ದುಡ್ಡೆಲ್ಲ ಆ ಪುಟ್ಟ ಬಾಟಲಿಗೇ ಹೋಯಿತು. ಮಿನಿಮಲ್ ಮೀಡಿಯಾದಲ್ಲಿ (ಅತಿ ಕಡಿಮೆ ಪೋಷಕಾಂಶದ ದ್ರಾವಣ) ಬ್ಯಾಕ್ಟೀರಿಯಾ ತೆವಳಿಕೊಂಡು ಬೆಳೆಯಿತು, ಪ್ರೋಟೀನ್ ಅರ್ಧಕ್ಕರ್ಧ ಇಳಿಯಿತು. ಹಳೇ ಕಂಡಿಷನ್‌ನಲ್ಲಿ ಹರಳೇ ಇಲ್ಲ. ನೇಟಿವ್ ಹರಳು ಪುಡಿ ಮಾಡಿ ಬೀಜ ಹಾಕಿದ ಮೇಲೆ ಸೂಜಿ ಬಂತು, ಸೂಜಿಯಿಂದ ಮತ್ತೆ ಬೀಜ, ಆಗ ದಪ್ಪ ಹರಳು. ಆದರೆ ಮೊದಲ ಮ್ಯಾಪ್‌ನಲ್ಲೇ (ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ) ಹೆಲಿಕ್ಸ್ (ಪ್ರೋಟೀನ್ ಸರಪಳಿಯ ಸುರುಳಿ) ಎದ್ದು ಕಂಡಿತು. ಅದರ ಮುಂದೆ ಖರ್ಚು ಯಾವ ಲೆಕ್ಕ?

ಕಾಳಿನ ಲೆಕ್ಟಿನ್: ಮೇಡಂ, ಎಲ್ಲರ ಪ್ರೋಟೀನೂ ಇ. ಕೋಲಿ ಬ್ಯಾಕ್ಟೀರಿಯಾದಿಂದ ಬರುವುದಿಲ್ಲ. ನಾನು ಕಾಳು ನೆನೆಸಿ, ರುಬ್ಬಿ, ಶುದ್ಧ ಮಾಡುವ ಕಾಲಂಗೆ ಹಾಕಿ ಲೆಕ್ಟಿನ್ (ಸಕ್ಕರೆಗೆ ಅಂಟುವ ಪ್ರೋಟೀನ್) ತೆಗೆಯುವವಳು. ಕಾಳಿಗೆ ಸೆಲೆನಿಯಂ ತಿನ್ನಿಸಲಾ? ನಾನು ಪೊಟ್ಯಾಸಿಯಂ ಅಯೋಡೈಡ್ ಹಾಕಿದೆ. ಅರ್ಧ ಮೋಲಾರ್, ಅರ್ಧ ನಿಮಿಷ, ಎತ್ತಿ ಸೀದಾ ನೈಟ್ರೋಜನ್‌ಗೆ. ಸ್ವಲ್ಪ ತಡವಾದರೂ ಹರಳಿನ ಅಂಚು ಕರಗುತ್ತಿತ್ತು. ಆದರೆ ಅಯೋಡಿನ್ ಸಿಗ್ನಲ್ ಲ್ಯಾಬಿನ ತಾಮ್ರದ ಎಕ್ಸ್‌ರೇಯಲ್ಲೇ ಚೆನ್ನಾಗಿ ಬರುತ್ತದೆ, ಬೀಮ್‌ಟೈಮ್‌ಗೆ (ಸಿಂಕ್ರೋಟ್ರಾನ್ ಕೇಂದ್ರದಲ್ಲಿ ಸಮಯ) ಅರ್ಜಿ ಹಾಕಿ ಕಾಯಬೇಕಿಲ್ಲ. ಕೇಳಿದವರಿಗೆ ಒಂದು ಮಾತು: ಆ ಪಿಎಚ್‌ನಲ್ಲಿ ಅಮೋನಿಯಾ ನಿಮ್ಮ ಪ್ಲಾಟಿನಂನ ಕ್ಲೋರೈಡ್ ಕಿತ್ತು ತಾನು ಕೂತುಕೊಳ್ಳುತ್ತದೆ. ಆಮೇಲೆ ಪ್ಲಾಟಿನಂ ಪ್ರೋಟೀನ್‌ಗೆ ಸುಲಭವಾಗಿ ಅಂಟಲ್ಲ. ಪಿಎಚ್ 6ಕ್ಕೆ ಇಳಿಸಿ, ಇಲ್ಲವೇ ಸಲ್ಫೇಟ್ ಬದಲು ಪೆಗ್‌ಗೆ (ಪಾಲಿಎಥಿಲೀನ್ ಗ್ಲೈಕಾಲ್) ಹೋಗಿ.

ಸೆಲೆನಿಯಂ ಸಾಕು: ಅದಿರಲಿ, ಪಾದರಸದವರು ಉಳಿದ ದ್ರಾವಣ ಎಲ್ಲಿ ಸುರಿದರು? ನಮ್ಮ ಹಳೇ ಲ್ಯಾಬಿನಲ್ಲಿ ಸೀದಾ ಸಿಂಕಿಗೇ ಹೋಗುತ್ತಿತ್ತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಪಾದರಸದ ಪಕ್ಷ: ಸಿಂಕಿಗೆ ಅಂತ ನಾನು ಹೇಳಿದೆನಾ? ಬೇರೆ ಬಾಟಲಿ, ಮುಚ್ಚಳಕ್ಕೆ ಟೇಪ್, ಮೇಲೆ ಚೀಟಿ. ಪ್ರೋಟೀನ್ ರಚನೆ ಬಿಡಿಸಿದ ವಿಜ್ಞಾನಿ ಮ್ಯಾಕ್ಸ್ ಪೆರುಟ್ಜ್ 1953ರಲ್ಲಿ ಹಿಮೋಗ್ಲೋಬಿನ್‌ಗೆ ಹಚ್ಚಿದ್ದೂ ಪಾದರಸವೇ. ನಿಮ್ಮ ಸೆಲೆನಿಯಂ ಏನು ಅಮೃತವಾ? ಲೀಟರ್‌ಗಟ್ಟಲೆ ಮೀಡಿಯಾ ಎಲ್ಲಿ ಚೆಲ್ಲಿದಿರಿ, ಅದನ್ನು ಮೊದಲು ಹೇಳಿ.