ಪದಚರ್ಚೆ: ನಿಶ್ವಾಸ, ಬಿಟ್ಟ ಉಸಿರು, ಊದುಪರೀಕ್ಷೆ

ಎಲ್ಲರಿಗೂ ನಮಸ್ಕಾರ. ಒಂದು ಲೇಖನದ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ಬಿಟ್ಟ ಉಸಿರಿನಲ್ಲಿ ಅಸಿಟೋನ್ ಅನ್ನೋ ರಾಸಾಯನಿಕ ಎಷ್ಟಿದೆ ಅಂತ ಬಯೋಸೆನ್ಸರ್‌ ಅನ್ನೋ ಪತ್ತೆ ಸಾಧನದಿಂದ ನೋಡುವುದರ ಬಗ್ಗೆ ಬರೆಯುತ್ತಿದ್ದೇನೆ. ಇನ್ಸುಲಿನ್ ಸಾಲದೆ ಹೋದಾಗ ಮೈ ಸಕ್ಕರೆ ಬಿಟ್ಟು ಕೊಬ್ಬನ್ನು ಉರಿಸಲು ಶುರುಮಾಡುತ್ತದೆ, ಆಗ ಹುಟ್ಟುವ ಅಸಿಟೋನ್ ರಕ್ತದಿಂದ ಶ್ವಾಸಕೋಶಕ್ಕೆ ಬಂದು ಉಸಿರಲ್ಲಿ ಹೊರಬೀಳುತ್ತದೆ. ಉಪವಾಸ ಮಾಡಿದರೂ ಏರುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ಶುಗರ್ ಹೇಳೋಕಾಗಲ್ಲ, ಅದು ಬೇರೆ ಮಾತು. ನಾನು ಮೊದಲು ಬರೆದ ಸಾಲು ಇದು: "ನಿಶ್ವಾಸದಲ್ಲಿನ ಅಸಿಟೋನನ್ನು ಜೈವಿಕ ಸಂವೇದಕದಿಂದ ಪತ್ತೆಹಚ್ಚುವ ಅನಾಕ್ರಮಣಕಾರಿ ಪರೀಕ್ಷೆ." ಜೈವಿಕ ಸಂವೇದಕ ಅಂದದ್ದು ಬಯೋಸೆನ್ಸರ್‌ಗೆ, ಅನಾಕ್ರಮಣಕಾರಿ ಅಂದದ್ದು ನಾನ್-ಇನ್ವೇಸಿವ್‌ಗೆ, ಅಂದರೆ ಮೈಯೊಳಗೆ ಏನೂ ತೂರಿಸದ್ದು.

ಅಮ್ಮನಿಗೆ ಓದಿ ಹೇಳಿದೆ. ಅವರಿಗೆ 15 ವರ್ಷದಿಂದ ಶುಗರ್, ಬೆಳಿಗ್ಗೆ ಎದ್ದರೆ ಬೆರಳು ಚುಚ್ಚಿಕೊಳ್ಳೋದೇ ಮೊದಲ ಕೆಲಸ. ಕೇಳಿಸಿಕೊಂಡು, "ಯಾರ ಮೇಲೆ ಯಾರು ಆಕ್ರಮಣ ಮಾಡ್ತಾರೋ?" ಅಂದರು. ನಿಶ್ವಾಸ ಅವರ ಕಿವಿಗೆ ವಿಶ್ವಾಸ ಅಂತ ಬಿದ್ದಿತ್ತು. ಬಿಡಿಸಿ ಹೇಳಿದ ಮೇಲೆ, "ಓ, ಪೊಲೀಸ್ನೋರು ರಾತ್ರಿ ಗಾಡಿ ನಿಲ್ಲಿಸಿ ಊದಿಸ್ತಾರಲ್ಲ, ಹಂಗಾ?" ಅಂತ ಒಂದೇ ಏಟಿಗೆ ಮುಗಿಸಿದರು. ಹಾಗಾದರೆ ಊದುಪರೀಕ್ಷೆ ಅಂತಲೇ ಯಾಕೆ ಕರೆಯಬಾರದು? ಕುಡಿದವರ ನೆನಪು ತರುತ್ತದೆ ಅನ್ನೋದೊಂದೇ ನನ್ನ ಅಳುಕು.

"ಉಸಿರಾಟ ಪರೀಕ್ಷೆ" ಅಂತ ಬರೆಯುವವರೂ ಇದ್ದಾರೆ. ಅದು ನನಗೆ ಒಪ್ಪಿಗೆಯಿಲ್ಲ. ಉಸಿರಾಟ ಅಂದರೆ ಎಳೆದು ಬಿಡುವ ಕೆಲಸ, ಅದರ ಪರೀಕ್ಷೆ ಅಂದರೆ ಶ್ವಾಸಕೋಶ ಎಷ್ಟು ಗಾಳಿ ತಳ್ಳುತ್ತದೆ ಅಂತ ಅಳೆಯುವ ಸ್ಪೈರೋಮೀಟರ್. ಇಲ್ಲಿ ನೋಡುವುದು ಗಾಳಿಯೊಳಗೆ ಏನಿದೆ ಅನ್ನುವುದನ್ನು. 1971ರಲ್ಲೇ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಜೊತೆಗಾರರು ಒಬ್ಬ ಮನುಷ್ಯನ ಉಸಿರಲ್ಲಿ ಸುಮಾರು 250 ಬಗೆಯ ವಸ್ತುಗಳಿವೆ ಅಂತ ತೋರಿಸಿದ್ದರು. ಹಾಗಾಗಿ "ಉಸಿರು ಪರೀಕ್ಷೆ" ಆದರೂ ಆದೀತು, "ಉಸಿರಾಟ" ಬೇಡ.

ಇನ್ನು ಉಚ್ಛ್ವಾಸ, ನಿಶ್ವಾಸ. ಶಾಲೆಯಲ್ಲಿ ನಾವು ಕಲಿತದ್ದು ಉಚ್ಛ್ವಾಸ ಒಳಕ್ಕೆ, ನಿಶ್ವಾಸ ಹೊರಕ್ಕೆ ಅಂತ. ಸಂಸ್ಕೃತ ನಿಘಂಟು ತೆಗೆದರೆ ಉಚ್ಛ್ವಾಸಕ್ಕೆ ಉಸಿರು ಬಿಡುವುದು ಅನ್ನೋ ಅರ್ಥವೂ ಇದೆ! ಪರೀಕ್ಷೆಯ ಹಿಂದಿನ ರಾತ್ರಿ ಇವೆರಡನ್ನೂ ಅದಲು ಬದಲು ಮಾಡಿಕೊಳ್ಳದವರು ಯಾರಿದ್ದಾರೆ ಹೇಳಿ. ಕನ್ನಡದಲ್ಲಿ ನಿಟ್ಟುಸಿರು, ಏದುಸಿರು, ಬಿಸುಸುಯ್ ಎಲ್ಲ ಇವೆ, ಆದರೆ ಅವುಗಳಲ್ಲಿ ದುಃಖವೋ ದಣಿವೋ ಸೇರಿಕೊಂಡಿದೆ. ಸುಮ್ನೆ ಹೊರಬಿಟ್ಟ ಗಾಳಿಗೆ ಒಂದೇ ಪದ ನನಗೆ ಸಿಗಲಿಲ್ಲ. ಹಳಗನ್ನಡದಲ್ಲಿ ಉಸಿರ್ ಅಂದರೆ ಹೇಳು ಅಂತಲೂ ಇತ್ತು, "ಯಾರ ಹತ್ರನೂ ಉಸಿರು ಬಿಡಬೇಡ" ಅಂತ ಈಗಲೂ ಅಂತೀವಲ್ವಾ.

ಜೈವಿಕ ಸಂವೇದಕದ ತಕರಾರು ಇನ್ನೂ ಜಾಸ್ತಿ. ಬಯೋಸೆನ್ಸರ್‌ನಲ್ಲಿ ಬಯೋ ಇರುವುದು ಜೀವಿಯನ್ನು ಅಳೆಯುತ್ತದೆ ಅಂತಲ್ಲ, ಒಳಗೆ ಕಿಣ್ವವೋ (ಎನ್ಜೈಮ್) ಪ್ರತಿಕಾಯವೋ (ಆಂಟಿಬಾಡಿ) ಇಂಥ ಜೀವಮೂಲದ ವಸ್ತು ಕೂತು ಬೇಕಾದ್ದನ್ನು ಗುರುತು ಹಿಡಿಯುತ್ತದೆ ಅಂತ. ಪೊಲೀಸರ ಆಲ್ಕೋಮೀಟರ್‌ಗಳಲ್ಲಿ ಸಾಮಾನ್ಯವಾಗಿ ಪ್ಲಾಟಿನಂ ಇರುವ, ಮದ್ಯದ ಆವಿಯಿಂದ ವಿದ್ಯುತ್ ಹುಟ್ಟಿಸುವ ಫ್ಯುಯಲ್ ಸೆಲ್ ಇರುತ್ತದೆ, ಅದು ಬಯೋಸೆನ್ಸರ್ ಅಲ್ಲ. ಅಮ್ಮ ರಕ್ತದ ಹನಿ ಇಡುವ ಗ್ಲುಕೋಮೀಟರ್ ಪಟ್ಟಿಯಲ್ಲಿ ಕಿಣ್ವ ಇದೆ, ಅದು ಹೌದು. ಅಂದರೆ ಊದಿಸುವ ಯಂತ್ರ ಅಲ್ಲ, ಚುಚ್ಚಿಸುವುದು ಹೌದು! "ಜೈವಿಕ" ಅಂದಕೂಡಲೇ ಗೊಬ್ಬರ ನೆನಪಾಗುವ ನಮ್ಮ ಓದುಗರಿಗೆ ಇದನ್ನು ಹೇಗೆ ದಾಟಿಸೋದು? "ಕಿಣ್ವದ ಸೆನ್ಸರ್" ಅಂದರೆ ಅಸಿಟೋನ್ ಮಟ್ಟಿಗೆ ನಡೆಯುತ್ತದೆ, ಆದರೆ ಪ್ರತಿಕಾಯದ್ದು ಹೊರಗುಳಿಯುತ್ತದೆ. ನಾನಂತೂ ಬಯೋಸೆನ್ಸರ್ ಅಂತಲೇ ಇಟ್ಟು ಒಂದು ಸಾಲು ವಿವರಣೆ ಕೊಡೋಣ ಅಂತಿದ್ದೇನೆ.

"ಅನಾಕ್ರಮಣಕಾರಿ" ತೆಗೆದು "ಚುಚ್ಚದ" ಅಂತ ಹಾಕಿದ್ದೇನೆ. ಆದರೆ ಗಂಟಲಲ್ಲಿ ನಳಿಕೆ ಇಳಿಸುವ ಎಂಡೋಸ್ಕೋಪಿಯೂ ಚುಚ್ಚಲ್ಲ, ಅದನ್ನು ಈ ಗುಂಪಿಗೆ ಸೇರಿಸುವಂತಿಲ್ಲ. "ಮೈಯೊಳಗೆ ಏನೂ ತೂರಿಸದ" ಅಂದರೆ ಉದ್ದವಾಯಿತೇ? ನಿಮ್ಮ ಕಡೆ ಬಿಟ್ಟ ಉಸಿರಿಗೆ ಬೇರೆ ಮಾತೇನಾದರೂ ಇದ್ದರೆ ಅದನ್ನೂ ತಿಳಿಸಿ, ಶುಕ್ರವಾರದೊಳಗೆ ಲೇಖನ ಕಳಿಸಬೇಕು.